ಚಂಚಿರಾಗೆ ವೇದಿಕೆ ಹುಡುಕಿದ ಬುಪ್ಪಾ

ಬ್ಯಾಂಕಾಕಿನ ಮೋಜಿನ ಗಲ್ಲಿಗಳಲ್ಲಿ ಯಾವ ಬಾರು ಒಳ್ಳೆಯದು ಎಂದು ಕೇಳಿದರೆ ಗಿರಾಕಿಗಳು ಬಿಯರಿನ ಮಾತೆತ್ತುತ್ತಾರೆ. ಬುಪ್ಪಾಳ ಲೆಕ್ಕ ಹಿಂಬಾಗಿಲಿನಿಂದ ಶುರುವಾಗುತ್ತಿತ್ತು. "ಬಣ್ಣ ಹಚ್ಕೊಳ್ಳೋ ಕೋಣೇಲಿ ಫ್ಯಾನ್ ಇದ್ಯಾ? ಹುಡುಗೀರಿಗೆ ಕೂತ್ಕೊಂಡು ಉಣ್ಣೋಕೆ ಜಾಗ ಇದ್ಯಾ? ಅಷ್ಟು ನೋಡಿದ್ರೆ ಸಾಕು."

ಅವಳು ಥಾಯ್ಲೆಂಡಿನ ಈಶಾನ್ಯ ಮೂಲೆಯ ರೋಯಿ-ಎಟ್ ಕಡೆಯ ಹೆಂಗಸು. ಇಪ್ಪತ್ತೆರಡನೇ ವಯಸ್ಸಿಗೆ ಬಾರಿನಲ್ಲಿ ಕುಣಿಯಲೆಂದು ಬ್ಯಾಂಕಾಕಿಗೆ ಬಂದು ಹತ್ತೊಂಬತ್ತೇ ದಿನ ಕುಣಿದಳು. ಆಮೇಲೆ ಪಕ್ಕದವಳ ಕಿತ್ತುಹೋದ ಜಿಪ್ಪನ್ನು ಎರಡು ನಿಮಿಷದಲ್ಲಿ ಸರಿಮಾಡಿದ್ದು ಊರಿಗೆಲ್ಲ ಗೊತ್ತಾಗಿ, ಮೂವತ್ತು ವರ್ಷದಿಂದ ಹಗಲೆಲ್ಲ ಬಾರುಗಳಿಗೆ ಉಡುಪು ಹೊಲಿಯುವುದೇ ಅವಳ ಕೆಲಸ. ಮಿಣುಕು ಬಟ್ಟೆ, ಗರಿ ಕೊಳ್ಳಲು ಪಹುರಾತಿನ ಬಟ್ಟೆ ಪೇಟೆಯಲ್ಲಿರುವ ನನ್ನ ಅಂಗಡಿಗೇ ಬರುತ್ತಿದ್ದಳು.

ಹೋದ ವರ್ಷ ಹಳೆಯ ಕ್ಯಾಬರೆಯೊಂದು ಮುಚ್ಚಿತು. ಅದರ ರಾಣಿ ಚಂಚಿರಾ, ಬುಪ್ಪಾಳ ಹಳೆಯ ಗೆಳತಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದವಳು, ವಯಸ್ಸು ಅರವತ್ತೊಂದು. ಎರಡು ವಾರ ಬಾಗಿಲು ಹಾಕಿಕೊಂಡು ಮಲಗಿದ್ದವಳನ್ನು ಬುಪ್ಪಾ ಎಬ್ಬಿಸಿದಳು. "ಏಳೇ ಮಹಾರಾಣಿ. ಈ ಊರಿನ ಒಂದೊಂದು ವೇದಿಕೇನೂ ನಂಗೆ ಗೊತ್ತು. ನಿಂಗೊಂದು ಹುಡುಕ್ತೀನಿ."

ಮಧ್ಯಾಹ್ನ ಇಬ್ಬರೂ ಹೊರಟರು. ಜತೆಗೆ ನಾನೂ ಇದ್ದೆ, ಚಂಚಿರಾಳ ಉಡುಪಿನ ಗರಿಗಳ ಪೆಟ್ಟಿಗೆ ಹೊರಲು.

ವಿದೇಶಿಯರ ಗಲ್ಲಿಯ ಗೋಗೋ ಬಾರಿನ ಮ್ಯಾನೇಜರು ಕುರ್ಚಿಯಿಂದ ಏಳಲೂ ಇಲ್ಲ. "ಅಜ್ಜಿ, ಇಲ್ಲಿ ಕಂಬ ಹಿಡ್ದು ಕುಣೀಬೇಕು."

"ನೀನು ಹುಟ್ಟೋ ಮೊದ್ಲೇ ನಾನು ಕಂಬ ಬಿಟ್ಟಾಯ್ತು," ಎಂದು ಚಂಚಿರಾ ತಿರುಗಿ ನಡೆದಳು.

ಜಪಾನೀಯರು ಬರುವ ಕ್ಯಾರಿಯೋಕೆ ಮನೆಯಲ್ಲಿ ಮರ್ಯಾದೆ ಬೇಕಾದಷ್ಟಿತ್ತು. ಮೆತ್ತನೆಯ ಸೋಫಾ, ಬಿಸಿ ಚಹಾ. ಯಜಮಾನಿ ತಲೆಬಾಗಿ ಹೇಳಿದಳು: "ಹಾಡೋರು ಗಿರಾಕಿಗಳೇ. ನೀವು ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದ್ರೆ ಆಯ್ತು."

"ನಾನು ಚಪ್ಪಾಳೆ ತಟ್ಟಿಸ್ಕೊಳ್ಳೋಳು, ತಟ್ಟೋಳಲ್ಲ!"

ಬುಪ್ಪಾ ಕೊನೆಗೆ ಊರಂಚಿನ ಇಸಾನ್, ಅಂದರೆ ತನ್ನ ಈಶಾನ್ಯ ಸೀಮೆಯ, ಹಾಡಿನ ಮಂದಿರಕ್ಕೆ ಕರೆದೊಯ್ದಳು. ಟ್ಯಾಕ್ಸಿಯವರು, ಗಾರೆ ಕೆಲಸದವರು, ಅವರ ಹೆಂಡಿರು, ಅತ್ತೆಯರು ಎಲ್ಲ ಸೇರಿ ಉಂಡು ಕುಡಿದು ಕುಣಿಯುವ ದೊಡ್ಡ ಶೆಡ್ಡು ಅದು. ವಾದ್ಯದವರು ಅಭ್ಯಾಸ ಮಾಡುತ್ತಿದ್ದರು. ಒಳಗೆ ಅಡಿಗೆಮನೆಯಲ್ಲಿ ಹುಳಿ ಮೀನು ಹಾಕಿ ಪಪ್ಪಾಯಿಕಾಯಿ ಕುಟ್ಟುವ ಸದ್ದು.

"ಇಲ್ಲೇನೇ? ಈ ಮೀನು ವಾಸನೇಲಾ?" ಚಂಚಿರಾ ಮೂಗು ಮುಚ್ಚಿಕೊಂಡಳು.

"ಇಲ್ಲಿ ಬಣ್ಣದ ಕೋಣೇಲಿ ನಾಲ್ಕು ಫ್ಯಾನ್ ಇದೆ. ಅಡಿಗೆಯವ್ಳು ಮೊದ್ಲು ಹುಡುಗೀರಿಗೆ ಬಡಿಸಿ ಆಮೇಲೆ ಗಿರಾಕಿಗೆ ಬಡಿಸ್ತಾಳೆ. ಸುಮ್ನೆ ಹತ್ತು."

ವೇದಿಕೆ ಹತ್ತಿದ ಚಂಚಿರಾ ಮೈಕನ್ನು ಅಂಗೈಯಿಂದ ಮುಚ್ಚಿದಳು. ಬುಪ್ಪಾಳನ್ನು ಹತ್ತಿರ ಕರೆದು ಪಿಸುಗುಟ್ಟಿದಳು: "ನಾನು ಯಾವತ್ತೂ ಹಾಡಿಲ್ಲ ಕಣೇ. ಮೂವತ್ತೈದು ವರ್ಷ ರೆಕಾರ್ಡಿಗೆ ಬರೀ ತುಟಿ ಅಲ್ಲಾಡ್ಸಿದ್ದು. ನನ್ನ ದನಿ ಕೇಳಿದ್ರೆ ನಗ್ತಾರೆ."

"ತುಟಿ ಅಲ್ಲಾಡ್ಸೋದು ಗೊತ್ತಲ್ಲ? ಈಗ ಜತೆಗೆ ಗಂಟಲೂ ಅಲ್ಲಾಡ್ಸು."

ಕಣ್ಣು ಮುಚ್ಚಿ ಹಾಡಿದಳು. ಗುಡುಗಿನಂಥ ಗಂಡು ದನಿ! ಡೋಲಿನವನ ಕೈಯಿಂದ ಕೋಲು ಬಿತ್ತು. ಒಳಗಿನ ಹೆಂಗಸರು ಕೈಯಲ್ಲಿ ಒನಕೆ ಹಿಡಿದೇ ಓಡಿಬಂದು ನಕ್ಕರು. ಚಂಚಿರಾ ಒಂದು ಕ್ಷಣ ಬಿಳಿಚಿಕೊಂಡಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಇನ್ನೂ ತಗ್ಗಿನ ದನಿಯಲ್ಲಿ ಕೇಳಿದಳು: "ಏನ್ರಮ್ಮ, ನಿಮ್ಮ ಗಂಡಂದಿರ ದನಿ ನೆನಪಾಯ್ತಾ?"

ಶೆಡ್ಡೇ ಹಾರಿಹೋಗುವಷ್ಟು ನಗು. ಅವಳು ಮತ್ತೆ ಹಾಡು ಎತ್ತಿಕೊಂಡಳು, ಎರಡನೇ ಸಾಲಿಗೆ ಎಲ್ಲರೂ ದನಿಗೂಡಿಸಿದರು. ಮೂರನೆಯದಕ್ಕೆ ಅಡಿಗೆಯವಳು ಕುಣಿಯುತ್ತಿದ್ದಳು. ಮಂದಿರದ ಯಜಮಾನ ಬುಪ್ಪಾಳ ಕಿವಿಯಲ್ಲಿ ಕೇಳಿದ: "ಶನಿವಾರದಿಂದ ಬರ್ತಾಳಾ?"

"ಬರ್ತಾಳೆ. ಆದ್ರೆ ಕನ್ನಡಿ ದೊಡ್ಡದು ಬೇಕು," ಎಂದಳು ಬುಪ್ಪಾ, ಕಣ್ಣೊರೆಸಿಕೊಳ್ಳುತ್ತ.

ಈಗ ಚಂಚಿರಾ ವಾರಕ್ಕೆ ನಾಲ್ಕು ಸಂಜೆ ಅಲ್ಲಿ ಹಾಡುತ್ತಾಳೆ. ಅಜ್ಜಿಯಂದಿರು ಅವಳ ಕೊರಳಿಗೆ ಹಾರ ಹಾಕಲು ಸಾಲು ನಿಲ್ಲುತ್ತಾರೆ. ಪ್ರತಿ ಗುರುವಾರ ಗೆಳತಿಯರಿಬ್ಬರೂ ನನ್ನ ಅಂಗಡಿಗೆ ಬಂದು, ಕೆಂಪು ಗರಿಯೋ ನೀಲಿ ಗರಿಯೋ ಎಂದು ಬೇರೆ ಗಿರಾಕಿಗಳು ತಿರುಗಿ ನೋಡುವಷ್ಟು ಜಗಳವಾಡುತ್ತಾರೆ.