ಗಡ್ಡದ ಓತಿಗೆ ಉಣಿಸಿದ ಕೈ

ನಮ್ಮತ್ತೆಯ ಬಲಗೈಯ ಮೂರು ಬೆರಳ ತುದಿ ಸದಾ ಬೆಳ್ಳಗಿರುತ್ತಿತ್ತು. ಬೆಳಿಗ್ಗೆ ಅದು ವಿಭೂತಿ. ಹತ್ತು ಗಂಟೆಯ ಮೇಲೆ ಕ್ಯಾಲ್ಸಿಯಂ ಪುಡಿ. ಓತಿಗೆ ಕೊಡುವ ಜೀರುಂಡೆಗಳನ್ನು ಆ ಪುಡಿಯಲ್ಲಿ ಕುಲುಕಿ, ಒಂದೊಂದಾಗಿ ಚಿಮಟದಲ್ಲಿ ಹಿಡಿದು ಉಣಿಸುತ್ತಿದ್ದರು.

ಸಾಕುಪ್ರಾಣಿ ಅಂಗಡಿಯವರು ಬಿಯರ್ಡೆಡ್ ಡ್ರ್ಯಾಗನ್ ಎಂದು ಮಾರುವ ಈ ಗಡ್ಡದ ಓತಿಯನ್ನು ವಿನೋಬನಗರದ ನಮ್ಮ ಮನೆಗೆ ತಂದವಳು ಮಗಳು. ಅಂಗೈ ಉದ್ದದ ಮರಿ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯೂ ಒಳಗೆ ಬರುವುದಿಲ್ಲ. ನಾನು ಅದಕ್ಕೂ ಬರೀ ಸೊಪ್ಪು, ಕುಂಬಳಕಾಯಿ ತುರಿ ಹಾಕಿ ಪುಣ್ಯ ಕಟ್ಟಿಕೊಂಡೆ ಎಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಅದರ ಹಿಂಗಾಲು ನಡುಗತೊಡಗಿತು. ಹೊಟ್ಟೆ ಎಳೆದುಕೊಂಡು ತೆವಳುತ್ತಿತ್ತು.

"ಬೆಳೆಯೋ ಮರಿಗೆ ಹುಳ ಬೇಕಮ್ಮ, ಬಿಸಿಲು ಬೇಕು, ಓಡಾಟ ಬೇಕು. ಹೀಗೇ ಬಿಟ್ರೆ ಉಳಿಯಲ್ಲ" ಎಂದರು ಪ್ರಾಣಿವೈದ್ಯರು. ಮನೆಗೆ ಬಂದು ದೇವರ ಮುಂದೆ ಕೂತು ಕಣ್ಣೀರು ಹಾಕಿದೆ.

ಅತ್ತೆ ಪಕ್ಕದಲ್ಲಿ ಬಂದು ಕೂತರು. "ವ್ರತ ಹಿಡಿದೋಳು ನೀನು ಮಾರಾಯ್ತಿ, ಓತಿ ಅಲ್ಲ. ಶಿವ ಅದಕ್ಕೆ ಯಾವ ಊಟ ಬರೆದಿದಾನೋ ಅದನ್ನ ಬಡಿಸು. ನಿನ್ ಕೈಲಿ ಆಗಲ್ವಾ, ನಾನು ಬಡಿಸ್ತೀನಿ."

ಬಡಿಸಿದರು. ಜೀರುಂಡೆಗಳು ಅಡಗಿ ಕೂರಲೆಂದು ಅಂಗಡಿಯಿಂದ ಮೊಟ್ಟೆಯ ಖಾಲಿ ಟ್ರೇ ಕೇಳಿ ತಂದರು. ಅವಕ್ಕೂ ಕ್ಯಾರೆಟ್ ಹೆಚ್ಚಿ ಹಾಕುತ್ತಿದ್ದರು: "ಉಪವಾಸದ ಹುಳ ತಿಂದ್ರೆ ಇದಕ್ಕೇನು ಸಿಗತ್ತೆ?" ಓತಿಯ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡ ಹುಳ ಕೊಟ್ಟವರಲ್ಲ. ತಿನ್ನದೆ ಬಿಟ್ಟಿದ್ದನ್ನು, ಓತಿಯನ್ನೇ ಕಚ್ಚೀತೆಂದು, ಹುಡುಕಿ ತೆಗೆಯುತ್ತಿದ್ದರು.

ಆಮೇಲೆ ತಾರಸಿ. ಮಂಡಿನೋವೆಂದು ವಾಕಿಂಗಿಗೆ ಕದಲದಿದ್ದ ಅತ್ತೆ, ಬಿಸಿಲಲ್ಲಿ ಇಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿ, ಜೀರುಂಡೆ ತೋರಿಸುತ್ತ ಮುಂದೆ ಮುಂದೆ ನಡೆಯುತ್ತಿದ್ದರು. "ಹತ್ತೋ ಗಡ್ಡದಯ್ಯ! ಇಪ್ಪತ್ತು ಮೆಟ್ಟಿಲು ನಾನು ಹತ್ತಿ ಬಂದಿದೀನಿ, ನಿಂಗೆ ಒಂದು ಇಟ್ಟಿಗೆ ಕಷ್ಟವಾ?" ಅದು ಮೊದಲ ಇಟ್ಟಿಗೆ ಹತ್ತಿದ ದಿನ ನಾನು ದೇವರಿಗೆ ಒಂದು ಹೂ ಹೆಚ್ಚಿಗೆ ಇಟ್ಟೆ. ಸಣ್ಣ ಕರುಣೆಗಳನ್ನು ನಾನು ಎಣಿಸುವುದು ಹಾಗೆಯೇ.

ಭದ್ರಾವತಿಯ ಕಾಗದನಗರದಿಂದ ಬಂದ ಅತ್ತೆಯ ತಂಗಿ ಜೀರುಂಡೆ ಡಬ್ಬ ಕಂಡು ಹೊಸ್ತಿಲಲ್ಲೇ ನಿಂತರು. "ಲಿಂಗವಂತರ ಮನೇಲಿ ಹುಳ ಕೊಲ್ತೀರಾ? ನಾನಿಲ್ಲಿ ನೀರೂ ಮುಟ್ಟಲ್ಲ ಅಕ್ಕ."

"ಬೇಡ ಬಿಡೆ. ನೀನುಟ್ಟಿರೋ ರೇಷ್ಮೆ ಸೀರೆಗೆ ಎಷ್ಟು ಹುಳ ಬೆಂದವು ಅಂತ ನಾನು ಕೇಳಿದ್ನಾ? ಅಲ್ಲಿ ಶೋಕಿಗೆ, ಇಲ್ಲಿ ಹಸಿವಿಗೆ. ಬರೋದಾದ್ರೆ ಬಾ, ಕಾಫಿ ಆರ್ತಾ ಇದೆ."

ಚಿಕ್ಕತ್ತೆ ಕಾಫಿ ಕುಡಿದೇ ಹೋದರು.

ಹೋದ ವರ್ಷ ಅತ್ತೆ ಲಿಂಗೈಕ್ಯರಾದರು. ಶಿವಗಣಾರಾಧನೆಯ ದಿನ ನೆಂಟರೆಲ್ಲರ ಎದುರು ಚಿಕ್ಕತ್ತೆ ಹೇಳಿದರು: "ಅಕ್ಕನ ಹಠ ಅಕ್ಕನ ಜೊತೆ ಹೋಯ್ತು. ಇನ್ನಾದ್ರೂ ಅದನ್ನ ಯಾರಿಗಾದ್ರೂ ಕೊಟ್ಟು ಮನೆ ಶುದ್ಧ ಮಾಡ್ಕೊ."

ಎಲ್ಲರೂ ನನ್ನತ್ತ ನೋಡಿದರು. ಮದುವೆಯಾಗಿ ಬಂದಾಗಿನಿಂದ ಹಿರಿಯರಿಗೆ ಎದುರಾಡಿದವಳಲ್ಲ ನಾನು. ಒಳಗೆ ಓತಿ ತನ್ನ ಗಾಜಿನ ಪೆಟ್ಟಿಗೆಯ ಗೋಡೆಗೆ ಮುಂಗಾಲು ಊರಿ ನೆಟ್ಟಗೆ ನಿಂತಿತ್ತು. ವಿಭೂತಿಯ ಬೆರಳಲ್ಲೇ ಕ್ಯಾಲ್ಸಿಯಂ ಡಬ್ಬಿ ತೆರೆದೆ.

"ಕೊಡಲ್ಲ ಚಿಕ್ಕತ್ತೆ. ಅದಕ್ಕೆ ಊಟದ ಹೊತ್ತಾಯ್ತು, ಸ್ವಲ್ಪ ಸರ್ಕೊಳ್ಳಿ."