ಕೆಂಪು ಹಚ್ಚಿದ ಬಂಡೆಗಳು

ತಪ್ಪು ತೋರಿಸಿದವರ ಮೇಲೆ ನನಗೆ ಮೊದಲು ಸಿಟ್ಟು ಬರುತ್ತದೆ, ಬುದ್ಧಿ ಬರುವುದು ಆಮೇಲೆ. ಆ ಸಲ ಬುದ್ಧಿ ಬರುವಷ್ಟರಲ್ಲಿ ಅಕ್ಕನಿಗೆ ಮಾತು ಕೊಟ್ಟಾಗಿತ್ತು.

ಅಕ್ಕ ನನ್ನ ಹಾಗೆ ಹಲಸೂರಿನಲ್ಲೇ ಬೆಳೆದವಳು, ಮದುವೆಯಾಗಿ ಕಡಲ ದಂಡೆಯ ಊರು ಸೇರಿದ್ದಳು. ಅಲ್ಲಿ ಮನೆ ಕಟ್ಟುವ ಮೊದಲು ಕೇಳಿದ್ದಳು: "ಸಮುದ್ರ ಮೇಲೆ ಬರುತ್ತಂತೆ, ನಿಜಾನಾ? ನಿನ್ನ ಕೆಲಸಾನೇ ಅದಲ್ವಾ?"

"ನಿನ್ನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ, ಕಟ್ಟು" ಎಂದಿದ್ದೆ.

ನನ್ನ ಕೆಲಸ ಇಂದಿರಾನಗರದ ಒಂದು ಕಚೇರಿಯಲ್ಲಿ. ಧ್ರುವದ ಹಿಮ ಕರಗಿದರೆ ನಮ್ಮ ಕಡಲೂ ಏರುತ್ತದೆ. ಆ ಹಿಮ ಹಿಂದೊಮ್ಮೆ ಹೇಗೆ ಕರಗಿತೆಂದು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡುತ್ತೇವೆ. ಅದು ಸರಿಯೋ ತಪ್ಪೋ ಹೇಳಬೇಕಾದದ್ದು ಅಲ್ಲಿನ ಬಂಡೆಗಳು. ಹಿಮ ಸರಿದು ಬಂಡೆ ಆಕಾಶ ಕಂಡಂದಿನಿಂದ ಆಕಾಶದ ಕಿರಣ ತಾಗಿ ಅದರೊಳಗೆ ಒಂದು ಗುರುತು ಬೆಳೆಯುತ್ತದೆ, ಅಳೆದರೆ ವಯಸ್ಸು ತಿಳಿಯುತ್ತದೆ. ಹಿಂದಿನದನ್ನು ಸರಿಯಾಗಿ ಹೇಳಿದ ಲೆಕ್ಕವನ್ನೇ ಮುಂದಕ್ಕೂ ನಂಬುತ್ತೇವೆ.

ಅಲ್ಲಿನ ಒಂದು ಕಣಿವೆಯಲ್ಲಿ ನನ್ನ ಲೆಕ್ಕದ ಹಿಮ ಸಾವಿರಾರು ವರ್ಷ ತೆಗೆದುಕೊಂಡು ನಿಧಾನವಾಗಿ ಸರಿಯುತ್ತಿತ್ತು. ಕಣಿವೆಯ ಮೇಲ್ಭಾಗದ ಕೆಲವು ಬಂಡೆಗಳು ಒಪ್ಪಲಿಲ್ಲ, ಹಿಮ ಬಹಳ ಮೊದಲೇ ಹೋಗಿತ್ತು ಎಂದವು. ಅಂಥ ಒಂದೊಂದು ವಯಸ್ಸು ಬಂದಾಗಲೂ, ಇದು ಹಿಮ ಮುಚ್ಚುವ ಮುಂಚೆಯೇ ಬಯಲಲ್ಲಿದ್ದ ಬಂಡೆ, ಹಳೆಯ ಗುರುತು ಉಳಿದುಕೊಂಡಿದೆ ಎಂದು ಬರೆದು, ಪಟ್ಟಿಯ ಆ ಸಾಲಿಗೆ ಕೆಂಪು ಹಚ್ಚಿ ಪಕ್ಕಕ್ಕಿಟ್ಟೆ. ಹಾಗೆ ಮಾಡುವುದು ನಮ್ಮಲ್ಲಿ ವಾಡಿಕೆ.

ವರದಿ ಕಳಿಸುವ ಹಿಂದಿನ ದಿನ ಪಕ್ಕದ ಮೇಜಿನ ಗೆಳತಿ, ಶಿವಾಜಿನಗರದವಳು, ನನ್ನ ಕೆಂಪು ಸಾಲುಗಳನ್ನೆಲ್ಲ ಒಟ್ಟಿಗೆ ತೆರೆದಳು.

"ಹಳೇ ಗುರುತು ಉಳಿದಿದ್ರೆ ಒಂದೊಂದು ಕಲ್ಲು ಒಂದೊಂದು ವಯಸ್ಸು ಹೇಳ್ಬೇಕಿತ್ತು. ಇವೆಲ್ಲ ಒಂದೇ ಹೇಳ್ತಿವೆ ನೋಡು ಮಗಾ."

"ನಿಂಗೆ ಬೇರೆ ಕೆಲಸ ಇಲ್ವಾ?" ಎಂದು ರೇಗಿದೆ.

ಅವಳು ಅವನ್ನೆಲ್ಲ ಕಣಿವೆಯ ಬಾಯಿಯ ಬಳಿಯ ಬಂಡೆಗಳ ಜೊತೆ ನಕ್ಷೆಯ ಮೇಲಿಟ್ಟಳು. ಬಾಯಿಯಿಂದ ತುದಿಯವರೆಗೆ ಒಂದೇ ವಯಸ್ಸು. ಅಲ್ಲಿನ ಹಿಮ ಸರಿದಿರಲಿಲ್ಲ, ಒಮ್ಮೆಗೇ ಕುಸಿದು ಹೋಗಿತ್ತು. ಹಿಮ ಹಾಗೆ ಕುಸಿಯಬಲ್ಲದೆಂದು ನನ್ನ ಲೆಕ್ಕಕ್ಕೆ ಗೊತ್ತೇ ಇರಲಿಲ್ಲ. ಆ ಲೆಕ್ಕವನ್ನು ನಂಬಿಯೇ ಅಕ್ಕನಿಗೆ ಕಟ್ಟು ಎಂದಿದ್ದೆ.

ವರದಿ ತಡೆದೆವು. ಹಲಸೂರಿನವರೆಗೂ ನಡೆದೇ ಹೋಗಿ, ಕೆರೆಯ ಪಕ್ಕ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು.

"ಇವತ್ತು ಮೋಲ್ಡ್ ಹಾಕ್ತಿದಾರೆ ಕಣೇ! ನೀನು ಹೇಳಿದ್ಮೇಲೇ ಇವ್ರೂ ಒಪ್ಪಿದ್ದು."

"ಅಕ್ಕಾ, ನಾನು ಹೇಳಿದ್ದು ತಪ್ಪು."

ಮಿಕ್ಸರ್ ತಿರುಗುತ್ತಲೇ ಇತ್ತು.

"ಸಮುದ್ರ ಬರೋಕೆ ಎಷ್ಟು ವರ್ಷ ಇದೆ? ಅದಾದ್ರೂ ಹೇಳು."

ಅದನ್ನು ಹೇಳುವುದೇ ನನ್ನ ಕೆಲಸ. ಗೊತ್ತಿಲ್ಲ ಎಂದೆ.