ಅತ್ತೆ ಕೂಗಿದ ಹೆಸರು

ಅತ್ತೆಯ ಬೆನ್ನು ಜೋಳದ ಚೀಲದಷ್ಟು ಅಗಲವಾಗಿತ್ತು. ಆ ಬೆನ್ನಿನ ಮೇಲೆ ಇಪ್ಪತ್ತಮೂರು ಕೂಸುಗಳ ಹೆಸರಿಗಾಗಿ ಗುದ್ದು ಬಿದ್ದಿದ್ದವು. ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳಿದ ಕೂಡಲೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಇಪ್ಪತ್ತಮೂರು ಎಂಬ ಲೆಕ್ಕ ನನ್ನದು. ಅವಳಿಂದ ಕೇಳಿ ಒಂದೊಂದೇ ಹೆಸರನ್ನು ಡೈರಿಯಲ್ಲಿ ಬರೆದುಕೊಂಡಿದ್ದೆ.

ಅವಳು ಅಪ್ಪನ ಅಕ್ಕ. ತಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಯಾವ ಹೆಸರಾದರೂ ಅವಳಿಗೆ ಒಂದೇ ಪರೀಕ್ಷೆ. ಮಾಳಿಗೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ಕೂಗಿ ನೋಡುವಳು. "ಹಳ್ಳದಾಗ ಎಮ್ಮಿ ಮೈ ತೊಳಿಯಾವನಿಗೆ ಕೇಳ್ಬೇಕು. ಕೇಳಿದ್ರ ಅದು ಹೆಸರು."

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿರುವ ಅಣ್ಣನಿಗೆ ಮಗ ಹುಟ್ಟಿದ. ಅಣ್ಣ, ನಾನು ಇಬ್ಬರೂ ಗಂಡುಮಕ್ಕಳೇ, ನಮಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ. ಹಾಗಾಗಿ ಈ ಕೂಸಿಗೂ ಅತ್ತೆಯೇ ಎಂದು ಎಲ್ಲರೂ ತಿಳಿದಿದ್ದೆವು. ಅಣ್ಣ ಒಂಬತ್ತು ದಿನ ಮೊಬೈಲ್ ತಡಕಿ 'ಹೃದಾಂಶ್' ಎಂಬ ಹೆಸರು ತಂದ. "ಇಡೀ ಜಿಲ್ಲಾದಾಗ ಯಾರಿಗೂ ಇಲ್ಲ. ಕರದ್ರ ನಮ್ಮವನೊಬ್ಬನ ತಿರುಗಬೇಕು," ಎಂದ.

ಅತ್ತೆ ಮಾಳಿಗೆ ಹತ್ತಿ "ರುದಾಂಸ್ಯಾ!" ಎಂದು ಕೂಗಿದಳು. ಹಳ್ಳದವರೆಗೂ ಕೇಳಿತು. ಅಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ.

"ಅತ್ತಿ, ಸರಿ ಬಂದ್ರಷ್ಟ ನೀ ಕಿವ್ಯಾಗ ಹೇಳು. ಇಲ್ಲಂದ್ರ ಕೊಪ್ಪಳದ ತಂಗಿ ಹೇಳತಾಳ."

ಕೊಪ್ಪಳದ ತಂಗಿ ಎಂದರೆ ಚಿಕ್ಕಪ್ಪನ ಮಗಳು, ಇಂಗ್ಲಿಷ್ ಶಾಲೆಯ ಟೀಚರು.

ಅತ್ತೆ ಅಂದು ಊಟ ಮಾಡಲಿಲ್ಲ. ಸಂಜೆ ನನ್ನ ಪಕ್ಕ ಬಂದು ಕುಳಿತಳು. "ನಿನ್ನ ಬುಕ್ಕು ತಗಿ, ನಂಗ ಕಲಸು. ಆ ಹುಡುಗಿಗೆ ಬೆನ್ನರ ಎಲ್ಲೈತಿ ಗುದ್ದು ತಿನ್ನಾಕ?"

ಡೈರಿಯಲ್ಲಿ ಸರಿ, ತಪ್ಪು ಎಂದು ಎರಡು ಅಂಕಣ ಎಳೆದೆ. ಮಂಗಳವಾರ ನಲವತ್ತು ಸಲ ಹೇಳಿದಳು, ಸರಿ ಸೊನ್ನೆ. ಶನಿವಾರ ರೊಟ್ಟಿ ಬಡಿಯುತ್ತಾ ಒಮ್ಮೆ ಸರಿಯಾಗಿ ಅಂದುಬಿಟ್ಟಳು. ಆ ಖುಷಿಯಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸರಿ ಅಂಕಣದಲ್ಲಿ ಒಂದು ಗೆರೆ ಎಳೆದೆ. ಮತ್ತೆ ಬರಲಿಲ್ಲ.

ತೊಟ್ಟಿಲ ದಿನ ಕುಷ್ಟಗಿಗೆ, ಅತ್ತಿಗೆಯ ತವರಿಗೆ, ಹೊರಟ ಬಸ್ಸಿನಲ್ಲೂ ಅದೇ ಜಪ. ಕಂಡಕ್ಟರ್ ಕೇಳಿದ, "ಯಾರಿಗ್ರೀ ಅಮ್ಮಾ, ಆಗಿಂದ ಬೈಯಾಕತ್ತೀರಿ?"

"ಮೊಮ್ಮಗನ ಹೆಸರೋ ತಮ್ಮಾ. ನೀ ಅನ್ನು ನೋಡೂಣು."

ಅವನೂ ಅಂದ, ಮುಂದಿನ ಸೀಟಿನ ದಾಳಿಂಬೆ ವ್ಯಾಪಾರಿಯೂ ಅಂದ. ಇಬ್ಬರನ್ನೂ ತಪ್ಪಿನ ಅಂಕಣಕ್ಕೆ ಸೇರಿಸಿದೆ.

ತೊಟ್ಟಿಲ ಬಳಿ ಅಣ್ಣ ಅಡ್ಡ ನಿಂತ. "ಮೊದಲ ನಂಗ ಹೇಳಿ ತೋರ್ಸು."

"ರುದಾಂಸ," ಎಂದಳು ಅತ್ತೆ. ಕೊಪ್ಪಳದ ತಂಗಿ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆಯ ಕಣ್ಣು ತುಂಬಿತು. ಆದರೆ ಬಾಯಿ ಸೋಲಲಿಲ್ಲ.

"ಹೆಸರು ನಿಂದ ಇರಲಿ. ಕಿವಿ ಕೂಸಿಂದು. ಅದು ತಕರಾರು ತಗದ್ರ ನಾ ಸರೀತೀನಿ," ಎಂದು, ಯಾರೂ ಉತ್ತರಿಸುವ ಮೊದಲೇ ತೊಟ್ಟಿಲಿಗೆ ಬಾಗಿದಳು. ಕೂಸು ಅಳಲಿಲ್ಲ. ಹೆಂಗಸರು ಮುಗಿಬಿದ್ದು ಗುದ್ದಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಕೊಪ್ಪಳದ ತಂಗಿ.

ಹೋದ ವರ್ಷ, ಜೋಳದ ರಾಶಿ ಮುಗಿದ ವಾರ, ಅತ್ತೆ ತೀರಿಕೊಂಡಳು. ಕೊನೆಯವರೆಗೂ, ಹುಡುಗ ಊರಿಗೆ ಬಂದಾಗಲೆಲ್ಲ, ಮಾಳಿಗೆಯಿಂದ ಕೂಗಿ ಅವನನ್ನು ಊಟಕ್ಕೆ ಕರೆಯುತ್ತಿದ್ದಳು.

ಈ ವರ್ಷ ಅವನು ಗಂಗಾವತಿಯಲ್ಲಿ ಅಂಗನವಾಡಿ ಸೇರಿದ. ಮೊದಲ ದಿನ ಕರೆದುಕೊಂಡು ಬರಲು ಅಣ್ಣನ ಜೊತೆ ನಾನೂ ಹೋಗಿದ್ದೆ. ಟೀಚರು "ಹೃದಾಂಶ್" ಎಂದರು. ಇಬ್ಬರು ಹುಡುಗರು ಎದ್ದು ಓಡಿಬಂದರು. ಇಬ್ಬರೂ ನಮ್ಮವರಲ್ಲ. ನಮ್ಮವನು ಮೂಲೆಯಲ್ಲಿ ಮಣ್ಣಲ್ಲಿ ಆಡುತ್ತಿದ್ದ.

ಅಣ್ಣ ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದ: "ರುದಾಂಸ್ಯಾ!"

ನಮ್ಮವನೊಬ್ಬನೇ ತಿರುಗಿದ.

ಮನೆಗೆ ಬಂದು ಡೈರಿಯ ಆ ಹಳೆಯ ಪುಟ ತೆಗೆದೆ. ಅತ್ತೆಯ ಸರಿ ಅಂಕಣದಲ್ಲಿ ಒಂದೇ ಗೆರೆಯಿತ್ತು. ಅದರ ಪಕ್ಕ ಎರಡನೆಯದನ್ನು ಎಳೆದೆ.